ಧಾರವಾಡದಿಂದ ಬಂದ ದುರ್ಬೀನು

ಧೈರ್ಯ ಇದ್ದವರು ಇದ್ದದ್ದನ್ನು ಇದ್ದ ಹಾಗೆ ಹೇಳಿ ಪಾರಾಗುತ್ತಾರೆ. ನನ್ನಂಥ ಪುಕ್ಕಲರ ಬದುಕಿನಲ್ಲಿ ಮಾತ್ರ ಫಜೀತಿಗಳು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಮಂದಿ ನನ್ನನ್ನು ಭಾರಿ ಕಿಲಾಡಿ ಅಂತ ತಿಳಿದಿದ್ದಾರೆ. ಮನೆ ಹಾವೇರಿಯಲ್ಲಿ, ಕೆಲಸ ರಾಣೆಬೆನ್ನೂರಿನ ಒಂದು ಬೀಜದ ಗೋದಾಮಿನಲ್ಲಿ. ಅಲ್ಲಿಗೆ ಹೊಸದಾಗಿ ಬಂದ ಸಾಹೇಬರಿಗೆ, “ಸೌತಿ ಬೀಜ ಒಂದ ಮಗ್ಗಲಾ ಮಲಗಿದ್ರ ಬಳ್ಳಿ ಸೊಟ್ಟ ಬೆಳಿತಾವ್ರಿ” ಅಂತ ನಂಬಿಸಿ, ವಾರಕ್ಕೊಮ್ಮೆ ಚೀಲಗಳನ್ನೆಲ್ಲ ಹೊರಳಿಸುವ ಹುಕುಂ ಅವರಿಂದಲೇ ಹೊರಡಿಸಿದವನು ನಾನು. ಆ ಹೊರಳಿಸುವ ಕೆಲಸ ನನ್ನ ಪಾಲಿಗೇ ಬಂತು ಅನ್ನುವುದನ್ನು ಮಾತ್ರ ಎಲ್ಲಿಯೂ ಹೇಳುವುದಿಲ್ಲ.

ಈಗ ಹೇಳುವುದರಲ್ಲಿ ಮುಕ್ಕಾಲು ಪಾಲು ಖರೇ. ಉಳಿದ ಕಾಲು ಪಾಲು ಇನ್ನೂ ಖರೇ.

ನಾಲ್ಕು ಎತ್ತು

ಇಪ್ಪತ್ತೆರಡು ವರ್ಷದ ಹಿಂದೆ ಕಾಗಿನೆಲೆ ಹತ್ತಿರದ ಒಂದು ಹಳ್ಳಿಗೆ ಕನ್ಯಾ ನೋಡಲು ಹೋಗಿದ್ದೆ. ಉಪ್ಪಿಟ್ಟು ತಿಂದು ಕೈ ತೊಳೆಯುವಷ್ಟರಲ್ಲಿ ಮಾವನಾಗಬೇಕಾದವರು ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಆಳೆತ್ತರದ ನಾಲ್ಕು ಎತ್ತು. ಬೆನ್ನು ಸವರುತ್ತ ಕೇಳಿದರು: “ನಮ್ಮ ಮನ್ಯಾಗ ಇವು ಅದಾವ. ನಿಮ್ಮ ಮನ್ಯಾಗ ಏನೈತ್ರಿ?”

ನಮ್ಮ ಮನೆಯಲ್ಲಿ ಇದ್ದದ್ದು ಒಂದು ಸೈಕಲ್ಲು, ಅದೂ ಅಣ್ಣನದು. ಎತ್ತು ಬೇರೆ ನನ್ನನ್ನೇ ನೋಡುತ್ತಿದ್ದವು. ಹೆದರಿಕೆಗೆ ಬಾಯಿ ತಾನೇ ಹೇಳಿಬಿಟ್ಟಿತು: “ದುರ್ಬೀನ್ ಐತ್ರಿ. ಶನಿ ಸುತ್ತ ಉಂಗುರ ಇರತೈತಲ್ರಿ, ಅದು ಕಾಣತೈತಿ.”

ಗೋಡೆಯ ಕ್ಯಾಲೆಂಡರಿನಲ್ಲಿ ಶನಿಯ ಚಿತ್ರ ಕಂಡಿದ್ದೆ, ಅಷ್ಟೇ. ಮಾವ ಮೀಸೆ ತಿರುವಿದರು. “ಹೌದ? ಬಂದಾಗ ನೋಡೂಣು.”

“ಸದ್ಯಕ್ಕ ಧಾರವಾಡದಾಗ ನಮ್ಮ ದೊಡ್ಡಪ್ಪನ ಮಗನ ಕಡೆ ಐತ್ರಿ.”

ನನಗೆ ದೊಡ್ಡಪ್ಪನೇ ಇಲ್ಲ. ಮಗನಂತೂ ದೂರದ ಮಾತಾಯಿತು. ಮದುವೆಗೆ ಅವನಿಗೆ ಕಾಮಾಲೆ ಆಯಿತು, ಗೃಹಪ್ರವೇಶಕ್ಕೆ ಕಾಲು ಉಳುಕಿತು. ನನ್ನ ಹೆಂಡತಿ ಪಾಪ, ಕಾಣದ ಆ ಮೈದುನನಿಗೆ ಪ್ರತಿ ವರ್ಷ ನಾಗರಪಂಚಮಿಗೆ ನನ್ನ ಕೈಯಲ್ಲಿ ಡಬ್ಬಿ ತುಂಬ ಉಂಡಿ ಕಳಿಸುತ್ತಿದ್ದಳು. ಇಪ್ಪತ್ತೆರಡು ವರ್ಷ ಆ ಉಂಡಿಯನ್ನು ಬೀಜದ ಚೀಲದ ಮರೆಯಲ್ಲಿ ಕುಳಿತು ನಾನೇ ತಿಂದೆ.

ಮಾವನ ಹೊಸ ಕಣ್ಣು

ಹೋದ ದಸರೆಯ ಮುಂದೆ ಮಾವನವರಿಗೆ ಕಣ್ಣಿನ ಪೊರೆ ತೆಗೆಸಿದೆವು. ಪುಷ್ಯ ಮಾಸದಲ್ಲಿ ಫೋನು ಬಂತು.

“ಅಳಿಯಂದ್ರ, ಈಗ ನನಗ ಭಾಳ ಸ್ವಚ್ಛ ಕಾಣಾಕತ್ತೈತಿ. ಇರಿವಿ ಕಾಲ ಸೈತ ಎಣಸ್ತೇನಿ. ಸಂಕ್ರಮಣಕ್ಕ ಬರ್ತೇನಿ. ಆ ಧಾರವಾಡದ ದುರ್ಬೀನ್ ತರಸಿಡ್ರಿ.”

ಇಷ್ಟು ವರ್ಷ ನನ್ನನ್ನು ಕಾಪಾಡಿದ್ದೇ ಆ ಪೊರೆ. ಹೊಸ ದುರ್ಬೀನು ತರಿಸೋಣವೆಂದರೆ ಡಬ್ಬಿ, ಪ್ಲಾಸ್ಟಿಕ್ಕು, ಫಳಫಳ ಹೊಳಪು. ಇರುವೆಯ ಕಾಲು ಎಣಿಸುವವರು ಅದನ್ನು ಬಿಟ್ಟಾರೆಯೇ? ನನಗೆ ಬೇಕಾದದ್ದು ಹಳೆಯದು, ಮೂಲೆ ತರಚಿದ್ದು, ಯಾರೋ ಬಳಸಿ ಬೇಸತ್ತದ್ದು.

ಹೆಂಡತಿಯ ಹೆದರಿಕೆಯೇ ಬೇರೆ. “ರೀ, ಅದು ಅಲ್ಲೆ ಧಾರವಾಡದಾಗ ಇರಲಿ. ಶನಿ ಅಷ್ಟು ದೂರ ಅದಾನ ಅಂತನ ನಾವು ಒಂದ ನಮೂನಿ ಉಂಡುಟ್ಟು ಅದೇವಿ. ದುರ್ಬೀನ್ ಹಚ್ಚಿ ಅವನ್ನ ಮನಿ ಮಟಾ ಎಳಕೊಂಡ ಬರ್ತೀರೇನು?”

“ಅಂವ ಬರೂದಿಲ್ಲ ಮಾರಾಯ್ತಿ. ನಾವ ಅವನ ಹತ್ರ ಹೋದಂಗ ಕಾಣತೈತಿ, ಅಷ್ಟ.”

ಆಕೆ ಸ್ವಲ್ಪ ಯೋಚಿಸಿ, “ಅದು ಇನ್ನೂ ಕೆಟ್ಟ,” ಅಂದಳು.

ಮೂರು ಕಾಲಿನ ಮಾಲು

ಬ್ಯಾಡಗಿಯಲ್ಲಿ ಒಬ್ಬ ನಿವೃತ್ತ ಮಾಸ್ತರರು ಹಳೆಯ ದುರ್ಬೀನು ಮಾರುತ್ತಿದ್ದಾರೆ ಅಂತ ಫೋನಿನಲ್ಲಿ ಕಂಡಿತು. ಒಬ್ಬನೇ ಹೋಗಲು ಅಂಜಿಕೆ. ಜೀವನವಿಡೀ ಮಂದಿಗೆ ಟೋಪಿ ಹಾಕಿದವನಿಗೆ ಎಲ್ಲರ ಕೈಯಲ್ಲೂ ಟೋಪಿಯೇ ಕಾಣುತ್ತದೆ. ಹಾವೇರಿ ದನದ ಸಂತೆಯಲ್ಲಿ ದಲಾಲಿ ಮಾಡುವ ಗೆಳೆಯನನ್ನು ಜೊತೆಗೆ ಕರೆದೆ. ಯಾವ ಮಾಲಾದರೂ ಮುಟ್ಟಿ ನೋಡಿದರೆ ಐಬು ಹೇಳುತ್ತೇನೆ ಅನ್ನುವುದು ಅವನ ಜಂಬ.

ಮಾಸ್ತರರ ಮನೆ ಒಂದು ಮೆಣಸಿನಕಾಯಿ ಗೋದಾಮಿನ ಮಾಳಿಗೆಯ ಮೇಲೆ. ಮೆಟ್ಟಿಲಿನ ಮೇಲೂ ಕೆಂಪು ಧೂಳು. ಗೆಳೆಯ ದುರ್ಬೀನಿನ ಸುತ್ತ ಎರಡು ಸುತ್ತು ಬಂದು, ನನ್ನ ಕಿವಿಯಲ್ಲಿ ಹೇಳಿದ: “ದೋಸ್ತ, ಮೂರ ಕಾಲ ಅದಾವ.”

“ಅದಕ್ಕ ಮೂರ ಇರೂದಲೇ.”

“ಮಾರೋವ್ರು ಹಂಗ ಹೇಳತಾರ.” ಆಮೇಲೆ ಕೊಳವೆ ಸವರಿ, ಬಣ್ಣ ಕಿತ್ತ ಒಂದು ಗುಂಡನೆಯ ಗೀರು ತೋರಿಸಿದ. “ಇಲ್ಲಿ ನೋಡು, ಸುಳಿ. ಎತ್ತಿಗೆ ಇಂಥ ಜಾಗಾದಾಗ ಸುಳಿ ಇದ್ರ ಮಾಲಕ ಉಳಿಯೂದಿಲ್ಲ.”

ಕಿಟಕಿಯಿಂದ ಕೆಳಗಿನ ಅಂಗಳಕ್ಕೆ ದುರ್ಬೀನು ತಿರುಗಿಸಿ ಕಣ್ಣಿಟ್ಟೆ. ಅಂಗಳವೆಲ್ಲ ತಲೆಕೆಳಗು! ಮೆಣಸಿನಕಾಯಿಯ ರಾಶಿ ಆಕಾಶದಿಂದ ಜೋತುಬಿದ್ದಿತ್ತು, ಅದನ್ನು ಆರಿಸುವ ಹೆಂಗಸರು ಬಾವಲಿಗಳ ಹಾಗೆ ನೇತಾಡುತ್ತಿದ್ದರು. ಅಷ್ಟರಲ್ಲಿ ಕಣ್ಣಿನಲ್ಲಿ ಬೆಂಕಿ ಹತ್ತಿತು. ಕಣ್ಣಿಡುವ ತೂತಿನ ಸುತ್ತಲೂ ಮೆಣಸಿನಕಾಯಿ ಧೂಳು. ಬ್ಯಾಡಗಿ ಕಾಯಿಗೆ ಬಣ್ಣವೇ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ. ಅನ್ನುವವರು ಅದನ್ನು ಬಾಯಿಂದ ತಿಂದವರು.

ಮಾಸ್ತರರು ನೀರು ಕೊಡುತ್ತ ಸಮಾಧಾನ ಹೇಳಿದರು. “ಈ ನಮೂನಿ ದುರ್ಬೀನಿನಾಗ ಉಲ್ಟಾನ ಕಾಣತೈತ್ರಿ. ಆಕಾಶದಾಗ ಮ್ಯಾಲ ಯಾವುದು, ಕೆಳಗ ಯಾವುದು?”

ಗೆಳೆಯ ಅದನ್ನೆಲ್ಲ ಕೇಳುವ ಆಸಾಮಿಯಲ್ಲ. ಸಂತೆಯ ಪದ್ಧತಿಯಂತೆ ಹೆಗಲ ಟವೆಲ್ಲನ್ನು ಮಾಸ್ತರರ ಕೈ ಮೇಲೆ ಹಾಕಿ, ಒಳಗಿಂದ ಅವರ ಬೆರಳು ಹಿಡಿದು ರೇಟು ಅದುಮಿದ. ಈ ರಿವಾಜು ತಿಳಿಯದ ಮಾಸ್ತರರು ಬಿಳಿಚಿಕೊಂಡು, “ಇವರು ನನ್ನ ಕೈ ಯಾಕ ಹಿಡದಾರ್ರಿ?” ಅಂತ ನನ್ನನ್ನೇ ಕೇಳಿದರು.

ಕಣ್ಣೊರೆಸಿಕೊಳ್ಳುತ್ತ ನಾನು ಕಡೆಯ ಪ್ರಶ್ನೆ ಹಾಕಿದೆ. “ಸರ, ಖರೇ ಹೇಳ್ರಿ. ಇದನ್ನ ಯಾಕ ಮಾರಾಕತ್ತೀರಿ? ಶನಿ ಕಾಣೂದಿಲ್ಲೇನು?”

ಮಾಸ್ತರರು ಹೆಂಡತಿ ಇದ್ದ ಒಳಗಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. “ಭಾಳ ಚಲೋ ಕಾಣತಾನ್ರಿ. ಅದಕ್ಕ ಮಾರಾಕತ್ತೇನಿ.”

ಬಸ್ಸಿನಲ್ಲಿ

ತಗೊಂಡರೆ ಶನಿ, ಬಿಟ್ಟರೆ ಮಾವ. ಗೆಳೆಯ ಮೊದಲ ಬಸ್ಸಿಗೇ ಹೋದ; ನಾನು ಬ್ಯಾಡಗಿ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಯೋಚಿಸಿದೆ. ಶನಿ ಏಳೂವರೆ ವರ್ಷಕ್ಕೆ ಬಿಡುತ್ತಾನೆ, ಮಾವ ಇಪ್ಪತ್ತೆರಡು ವರ್ಷವಾದರೂ ಬಿಟ್ಟಿಲ್ಲ. ತಿರುಗಿ ಹೋಗಿ ತಗೊಂಡೆ.

ಬಸ್ಸಿನಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಗಂಟನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಬಾಜೂ ಕುಳಿತ ಅಜ್ಜಿ ಕೇಳಿದಳು: “ಏನಪಾ ಅದು?”

ಚಟ ಎಲ್ಲಿ ಹೋಗುತ್ತದೆ? “ಇದರಾಗ ಶನಿ ಅದಾನಬೇ,” ಅಂದೆ.

ಅಜ್ಜಿ ಎದ್ದು ಹಿಂದಕ್ಕೆ ಹೋದಳು. ಅಲ್ಲಿ ಏನು ಹೇಳಿದಳೋ, ಹಾವೇರಿಯವರೆಗೆ ನನ್ನ ಸೀಟಿನ ಹತ್ತಿರ ಯಾರೂ ಸುಳಿಯಲಿಲ್ಲ. ನಿಂತವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮೊದಲು ಮಜಾ ಅನಿಸಿತು. ಆಮೇಲೆ ಆ ಖಾಲಿ ಸೀಟು ನೋಡುತ್ತ ನೋಡುತ್ತ ನನಗೇ ಹೆದರಿಕೆಯಾಗಿ, ಗಂಟನ್ನು ಅಲ್ಲಿಟ್ಟು ನಾನೂ ಎದ್ದು ನಿಂತೆ.

ಮಾಳಿಗೆಯ ಮೇಲೆ

ಸಂಕ್ರಮಣದ ಸಂಜೆ ಏಳು ಗಂಟೆ. ಪಡುವಣದಲ್ಲಿ ಶನಿ ಮಿಣಿ ಮಿಣಿ ಅನ್ನುತ್ತಿದ್ದ. ಮೂರು ದಿನ ಒರೆಸಿ, ಊದಿನಕಡ್ಡಿಯ ಹೊಗೆ ಹಾಕಿ, ದುರ್ಬೀನನ್ನು ಮಾಳಿಗೆಯ ಮೇಲೆ ನಿಲ್ಲಿಸಿದ್ದೆ. ನಾನು ಮೊದಲು ಕಣ್ಣಿಟ್ಟೆ. ಶನಿ ಗಡಗಡ ನಡುಗುತ್ತಿದ್ದ. ಆಮೇಲೆ ತಿಳಿಯಿತು, ನಡುಗುತ್ತಿದ್ದದ್ದು ಕೊಳವೆ ಹಿಡಿದ ನನ್ನ ಕೈ. ಕೈ ಬಿಟ್ಟೆ. ಸಾಸಿವೆಯಷ್ಟು ಬೆಳಕು, ಅದಕ್ಕೆ ಅಡ್ಡಲಾಗಿ ಸಣ್ಣ ಉಂಗುರ. ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದದ್ದು ಖರೇ ಇತ್ತಲ್ಲ ಅಂತ ಒಂದು ಗಳಿಗೆ ಹೆದರಿಕೆಯೇ ಮರೆತುಹೋಯಿತು.

ಹೆಂಡತಿ ಮೆಟ್ಟಿಲ ಬಾಗಿಲಲ್ಲೇ ನಿಂತಿದ್ದಳು. ಮಾವ ರುಮಾಲು ತೆಗೆದಿಟ್ಟು ಬಾಗಿದರು. ನೋಡಿದರು. ಬಹಳ ಹೊತ್ತು ನೋಡಿದರು. “ಐತಿ,” ಅಂದರು. “ಉಂಗುರ ಐತಿ.”

ನಾನು ಉಸಿರು ಬಿಡುವಷ್ಟರಲ್ಲಿ ಅವರಿಗೆ ಸೀನು ಬಂತು. ಸೀನಿದವರು ಕಣ್ಣಿನ ಬದಲು ಮೂಗನ್ನು ಕೊಳವೆಗೆ ಹಚ್ಚಿದರು. ಮಾವ ನಲವತ್ತು ವರ್ಷ ಮೆಣಸಿನಕಾಯಿ ಬೆಳೆದವರು ಅನ್ನುವುದು ನನಗೆ ಆವಾಗ ನೆನಪಾಯಿತು.

“ಅಳಿಯಂದ್ರ, ಧಾರವಾಡದಾಗ ನಿಮ್ಮ ದೊಡ್ಡಪ್ಪನ ಮಗ ಏನ ಮಾಡತಾನ?”

“ಬ್ಯಾಂಕಿನಾಗ ಅದಾನ್ರಿ ಮಾವಾರ.”

“ಬ್ಯಾಂಕಿನಾಗ ಕಾಯಿ ಒಣ ಹಾಕತಾರೇನು?” ಮತ್ತೊಮ್ಮೆ ಮೂಸಿದರು. “ಇದು ಹಳೇ ಕಾಯಿ ಅಲ್ಲ. ಈ ಸಲದ್ದು. ಹರದು ಹದಿನೈದು ದಿನ ಆಗಿಲ್ಲ, ಇನ್ನೂ ಹಸಿ ಘಾಟ ಐತಿ. ಬ್ಯಾಡಗ್ಯಾಗ ಯಾರ ಕಡೆ ತಂದೀರಿ?”

ಹೊಸ ಕಣ್ಣಿಗೆ ಇಷ್ಟು ಹೆದರಿದ್ದೆ, ಹಳೆಯ ಮೂಗನ್ನು ಮರೆತಿದ್ದೆ. ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ದುರ್ಬೀನು ಇರಲಿಲ್ಲ, ದೊಡ್ಡಪ್ಪ ಇರಲಿಲ್ಲ, ದೊಡ್ಡಪ್ಪನ ಮಗ ಇರಲಿಲ್ಲ.

ಮಾವ ಬೈಯಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಪಿಸುಗುಟ್ಟಿದರು. “ಅಂಜಬ್ಯಾಡ್ರಿ. ಅವತ್ತು ನೀವು ನೋಡಿದ್ರಲ್ಲ ನಾಕ ಎತ್ತು? ಅದರಾಗ ಎರಡು ಬಾಜೂ ಮನೀವು. ಉಳದ ಎರಡು ಎದುರು ಮನೀವು.”

ಇಬ್ಬರೂ ನಕ್ಕೆವು. ಎಷ್ಟೋ ವರ್ಷದ ಭಾರ ಇಳಿದ ನಗು. ಆಗಲೇ ಮೆಟ್ಟಿಲ ಬಾಗಿಲಿನಿಂದ ಹೆಂಡತಿಯ ಮಾತು ಕೇಳಿಸಿತು. ಸಿಟ್ಟಿನ ದನಿ ಅಲ್ಲ; ಸಿಟ್ಟಾಗಿದ್ದರೆ ಚಲೋ ಇತ್ತು.

“ಹಂಗಾರ ಇಲ್ಲದ ಎತ್ತು ನೋಡಿ ಅವರು ಒಪ್ಪಿದ್ರು, ಇಲ್ಲದ ದುರ್ಬೀನ ನಂಬಿ ನೀನು ನನ್ನ ಕೊಟ್ಟಿ. ಹೌದಲ್ಲ ಅಪ್ಪಾ?” ಮಾವ ಗೋಡೆ ಹಿಡಿದರು. ಆಕೆ ನನ್ನ ಕಡೆ ತಿರುಗಿದಳು. “ಮತ್ತ ಇಪ್ಪತ್ತೆರಡು ವರ್ಷ ನಾ ಕಟ್ಟಿದ ಉಂಡಿ ಯಾರ ತಿಂದ್ರು?”

ಮಾವ ಮತ್ತು ನಾನು ಒಂದೇ ಸಲಕ್ಕೆ ದುರ್ಬೀನಿಗೆ ಬಾಗಿದೆವು. ಇಬ್ಬರ ತಲೆಗಳು ಢಿಕ್ಕಿ ಹೊಡೆದವು. ಕಣ್ಣಿಡುವ ತೂತು ಒಂದೇ ಇತ್ತು, ಮತ್ತು ಆ ಹೊತ್ತಿಗೆ ನಮ್ಮಿಬ್ಬರಿಗೂ ಶನಿಯ ಕಡೆ ನೋಡುವುದೇ ಸುರಕ್ಷಿತವಾಗಿತ್ತು.