ಹಳೇ ಕಟರ್ ಗುಜರಿಗೆ

ಎಲ್ಲಕ್ಕೂ ಕಾರಣ ಒಂದು ಪ್ಲೈವುಡ್ ಗೋಡೆ. ಅದರ ಆ ಕಡೆ ಯಜಮಾನಿಯ ಫೋನು, ಈ ಕಡೆ ಕಟರನ ಕಿವಿ. ಗೋಡೆ ಇನ್ನೊಂದು ಬೆರಳು ದಪ್ಪವಾಗಿದ್ದಿದ್ದರೆ ಅವನು ಅವತ್ತೂ ಎಂದಿನಂತೆ ಶಾಲೆಮಕ್ಕಳ ಅಂಗಿಗೆ ಬಟ್ಟೆ ಕತ್ತರಿಸಿ, ಊಟ ಮಾಡಿ, ಮೇಜಿನ ಕೆಳಗೆ ಕಾಲು ಚಾಚಿ ಒಂದು ಕೋಳಿನಿದ್ದೆ ತೆಗೆದು, ಸಂಜೆ ಮನೆಗೆ ಹೋಗುತ್ತಿದ್ದ.

ಯೂನಿಫಾರ್ಮ್ ಹೊಲಿಯುವ ಆ ಅಂಗಡಿಗೆ ಅವನು ಮೀಸೆ ಮೂಡುವ ಕಾಲಕ್ಕೆ ಬಂದವನು. ಈಗ ಮೀಸೆ ನರೆತಿದೆ. ಕಿಟಕಿಯ ಪಕ್ಕದ ಉದ್ದ ಮೇಜು ಅವನದು. ಅದರ ತುದಿಯಲ್ಲಿ ಬಟ್ಟೆಯ ದಪ್ಪ ಅಟ್ಟಿಯನ್ನು ಒಂದೇ ಸಲಕ್ಕೆ ಕೊಯ್ಯುವ ಮಿಷನ್ ಕೂತಿತ್ತು. ಸ್ವಿಚ್ ಒತ್ತಿದರೆ ಗುರ್ ಎನ್ನುತ್ತಿದ್ದ ಅದನ್ನು ಎಲ್ಲರೂ ಕರಡಿ ಎಂದೇ ಕರೆಯುತ್ತಿದ್ದರು.

ಗೋಡೆಯಾಚೆ ಅಮ್ಮಾವ್ರ ದನಿ ಕೇಳಿಸಿತು.

“ಹಳೇ ಕಟರ್‌ದು ಕಥೆ ಮುಗೀತು ಕಣ್ರೀ. ಗಂಟಲು ಜಾಸ್ತಿ, ಕೆಲಸ ಕಮ್ಮಿ. ಬೆಳಿಗ್ಗೆ ಎಣ್ಣೆ ಬೀಳದೆ ಏಳೋದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬಿಸಿಯಾಗಿ ನಿಂತೇ ಹೋಗುತ್ತೆ. ಹೊಸ ಕಟರ್ ಇವತ್ತೇ ಕಳಿಸಿ. ಹಳೇದನ್ನ ಗುಜರಿಗೆ ಹಾಕೋಣ.”

ಕಟರ್ ಕತ್ತರಿ ಕೆಳಗಿಟ್ಟ. ಕೈ ತಾನಾಗಿ ತಲೆಗೆ ಹೋಯಿತು. ಎಣ್ಣೆ ಇತ್ತು. ಗಂಟಲಲ್ಲಿ ಕೆಮ್ಮೂ ಇತ್ತು. ಮಧ್ಯಾಹ್ನ ನಿಂತು ಹೋಗುವುದಂತೂ ಊರಿಗೇ ಗೊತ್ತಿದ್ದ ವಿಷಯ. ಈ ಮೇಜು ಹೋದರೆ ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ, ಮನೆಯಲ್ಲಿ ಹೆಂಡತಿಗೆ ಏನೆಂದು ಮುಖ ತೋರಿಸುವುದು?

ಪಕ್ಕದಲ್ಲೇ ಕಾಜಾದಕ್ಕ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಅವಳತ್ತ ಬಾಗಿದ.

“ಅಕ್ಕಾ, ಈ ಅಂಗಡೀಲಿ ಕಟರ್ ಅಂದ್ರೆ ಯಾರು?”

“ನೀನೇ. ಇನ್ಯಾರು?”

“ನನ್ನ ಗುಜರಿಗೆ ಹಾಕ್ತಾರಂತೆ.”

ಕೇಳಿದ್ದನ್ನೆಲ್ಲ ಒಪ್ಪಿಸಿದ. ಇಸ್ತ್ರಿಯವನು ಕಾದ ಪೆಟ್ಟಿಗೆಯನ್ನು ನಿಲ್ಲಿಸಿ ಹತ್ತಿರ ಬಂದ.

“ಅಲ್ವೋ, ನೀನು ಎಣ್ಣೆ ಹಾಕ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ತಲೆಗೆ ಹಚ್ಕೊಳ್ಳೋ ಎಣ್ಣೆ ಕಣೋ.”

“ಅದೂ ತಲೆಗೇ ಏರೋದು.”

“ತಮಾಷೆ ಬೇಡ. ‘ಅದು’ ಅಂದ್ರು ನನ್ನನ್ನ. ‘ಅವನು’ ಅಂತಾನೂ ಅನ್ಲಿಲ್ಲ. ‘ಹಳೇದು’ ಅಂದ್ರು. ಇಷ್ಟು ವರ್ಷ ದುಡಿದಿದ್ದಕ್ಕೆ ನಾನು ಅದು ಆಗ್ಬಿಟ್ನಾ?”

“ಹಂಗಂದ್ರೆ ಯಾವುದೋ ವಸ್ತು ಇರ್ಬೇಕು ಬಿಡು,” ಎಂದ ಇಸ್ತ್ರಿಯವನು.

ಕಾಜಾದಕ್ಕ ಹಲ್ಲಿನಿಂದ ದಾರ ಕಡಿದಳು. “ಇಂಗ್ಲಿಷಲ್ಲಿ ಬಾಲದಲ್ಲಿ ‘ರ್’ ಬಂತು ಅಂದ್ರೆ ಮನುಷ್ಯನೇ. ಟೈಲರ್, ಪೇಂಟರ್, ಲಾಯರ್, ಡ್ರೈವರ್.”

“ಕುಕ್ಕರ್?”

“ಅದು ಬೇರೆ.”

“ಹೀಟರ್, ಮಿಕ್ಸರ್, ಸ್ವೆಟರ್, ಇವರೆಲ್ಲ ಯಾರ ಮನೆಯವರು?”

“ಸ್ವೆಟರ್ ಅಂದ್ರೆ ಮೊದಲು ಬೆವರೋನು ಅಂತಲೇ ಇದ್ದಿರ್ಬೇಕು, ಆಮೇಲೆ ಬಟ್ಟೆಗೆ ಬಂದಿರ್ಬೇಕು. ನೀನು ಹೋಗಿ ಇಸ್ತ್ರಿ ಮಾಡು.” ಆಮೇಲೆ ಕಟರನ ಕಡೆ ತಿರುಗಿ ದನಿ ತಗ್ಗಿಸಿದಳು. “ಹೊಸಬ ಇವತ್ತೇ ಬರ್ತಾನೆ. ಬಾಗಿಲ ಮೇಲೆ ಒಂದು ಕಣ್ಣಿಟ್ಟಿರು.”

ಕಟರ್ ಎರಡೂ ಕಣ್ಣಿಟ್ಟ.

ಮೊದಲು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತಲೆಯ ಎಣ್ಣೆ ತೊಳೆದ. ಕೂದಲು ಹೊಸ ಪೊರಕೆಯಂತೆ ಎದ್ದು ನಿಂತಿತು. ಕೆಮ್ಮು ಬಂದಾಗಲೆಲ್ಲ ನುಂಗಿದ; ಕಣ್ಣು ಕೆಂಪೇರಿ, ಮುಖ ಊದಿಕೊಂಡು, ಈಗಲೋ ಆಗಲೋ ಒಡೆಯುವ ಬಲೂನಿನಂತೆ ಕಂಡ. ಅಮ್ಮಾವ್ರು ಇಣುಕಿದಾಗೊಮ್ಮೆ ಹಲ್ಲು ಕಿರಿದ. ಅವರು ಬೆಚ್ಚಿ ಒಳಗೆ ಹೋದರು.

ಅಷ್ಟರಲ್ಲಿ ಚೀಲ ಹೆಗಲಿಗೆ ಹಾಕಿಕೊಂಡ ಒಬ್ಬ ಬಾಗಿಲಲ್ಲಿ ನಿಂತ.

“ಬರೋಕೆ ಹೇಳಿದ್ರಂತೆ?”

“ಯಾರು ನೀವು?”

“ಪ್ಲಂಬರ್.”

ಬಾಲದಲ್ಲಿ ‘ರ್’ ಇತ್ತು. ಕಟರ್ ಅವನ ಬಲಗೈ ಹಿಡಿದು ಹೆಬ್ಬೆರಳು ನೋಡಿದ. ಕತ್ತರಿ ಹಿಡಿದವರಿಗೆ ಇರುವಂಥದೇ ಜಡ್ಡು.

“ಕೆಲಸ ಇಲ್ಲ. ಇಲ್ಲಿ ಯಾವ ಜಾಗವೂ ಖಾಲಿ ಇಲ್ಲ.”

“ನಲ್ಲಿ ಸೋರ್ತಿದೆ ಅಂದ್ರು.”

“ಸೋರ್ಲಿ. ನಮ್ಮ ನಲ್ಲಿ ನಾವು ನೋಡ್ಕೋತೀವಿ.”

ಪ್ಲಂಬರ್ ಕೈ ಬಿಡಿಸಿಕೊಂಡು, ಪ್ಯಾಂಟಿಗೆ ಒರೆಸಿಕೊಂಡು ಹೋದ. ಒಬ್ಬನನ್ನು ಓಡಿಸಿದ ಹುರುಪಿನಲ್ಲಿ ಕಟರ್ ಕತ್ತರಿ ಎತ್ತಿದ. ಕೆಲಸ ಕಮ್ಮಿಯಂತೆ, ನೋಡಲಿ ಕೆಲಸ. ಅಂಗಿತೋಳಿನ ರಟ್ಟಿನ ಅಚ್ಚನ್ನು ಬಟ್ಟೆಯ ಮೇಲಿಟ್ಟ, ಕೊಯ್ದ, ಇಟ್ಟ, ಕೊಯ್ದ. ಕಣ್ಣು ಬಾಗಿಲಲ್ಲಿ, ಕೈ ಬಟ್ಟೆಯಲ್ಲಿ. ಅಷ್ಟು ವೇಗ ಅವನ ಮದುವೆಯ ಕಾಲದಲ್ಲೂ ಇರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ, ನಿದ್ದೆ ಮಾಡಲಿಲ್ಲ. ಮೇಜಿನ ಮೇಲೆ ತೋಳುಗಳು ಗುಡ್ಡವಾಗಿ ಬಿದ್ದವು.

ಹೊರಗೆ ಆಟೋ ನಿಂತ ಸದ್ದಾಯಿತು. ಅಮ್ಮಾವ್ರು ಒಳಗಿಂದ ಬಂದರು.

“ಹೊಸ ಕಟರ್ ಬಂತು ನೋಡಿ. ಇಬ್ಬರೂ ಹೋಗಿ ಹುಷಾರಾಗಿ ಇಳಿಸ್ಕೊಳ್ಳಿ. ಆ ಹಳೇ ಕರಡೀನ ಅದೇ ಆಟೋದಲ್ಲಿ ಗುಜರಿಗೆ ಕಳಿಸಿ.”

ಆಟೋದಲ್ಲಿದ್ದದ್ದು ಒಂದು ರಟ್ಟಿನ ಪೆಟ್ಟಿಗೆ. ಅದರ ಮೇಲೆ ಮಿಷನ್ನಿನ ಚಿತ್ರ. ಕಟರ್ ಚಿತ್ರ ನೋಡಿದ, ಕರಡಿಯನ್ನು ನೋಡಿದ, ಬೆಳಗಿನಿಂದ ನುಂಗಿದ ಕೆಮ್ಮನ್ನೆಲ್ಲ ಒಂದೇ ಸಲಕ್ಕೆ ಕೆಮ್ಮಿದ. ಆಮೇಲೆ ಪೆಟ್ಟಿಗೆಯನ್ನು ತಬ್ಬಿಕೊಂಡು, ಬಾಣಂತಿ ಮಗಳನ್ನು ಇಳಿಸಿಕೊಳ್ಳುವಂತೆ ಇಳಿಸಿಕೊಂಡ. ಇಸ್ತ್ರಿಯವನು ಕಾಜಾದಕ್ಕನನ್ನು ನೋಡಿ, “ಕುಕ್ಕರ್ ಪೈಕಿ,” ಎಂದಷ್ಟೇ ಹೇಳಿದ.

ಅವಳು ಮೇಜಿನ ಹತ್ತಿರ ಹೋಗಿದ್ದಳು. ತೋಳುಗಳ ಗುಡ್ಡದಿಂದ ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು.

“ಇದು ಎಡ. ಇದೂ ಎಡ. ಇದೂ... ಲೋ, ಅಚ್ಚನ್ನ ಮಗುಚಿ ಇಡೋದು ಮರೆತ್ಯಾ? ಎಲ್ಲಾ ಎಡಗಡೆ ತೋಳೇ. ಈ ಶಾಲೆ ಮಕ್ಕಳಿಗೆ ಬಲಗೈ ಇಲ್ವಾ?”

ಅಮ್ಮಾವ್ರು ಒಂದು ತೋಳು ಎತ್ತಿದರು, ಇನ್ನೊಂದು ಎತ್ತಿದರು. ಕಟರನ ಪೊರಕೆ ಕೂದಲನ್ನು ನೋಡಿದರು, ಕೆಂಪು ಕಣ್ಣನ್ನು ನೋಡಿದರು. ಒಳಗೆ ಹೋಗಿ ಫೋನೆತ್ತಿದರು. ಕಟರ್ ಈ ಸಲ ಗೋಡೆಗೆ ಕಿವಿ ಕೊಡಲಿಲ್ಲ. ಆ ಗೋಡೆಯ ಹಂಗು ಅವನಿಗೆ ಮುಗಿದಿತ್ತು.

ಅವರು ಹೊರಗೆ ಬಂದು ಹೇಳಿದರು. “ಸಂಜೆ ಹೊಸ ಕಟರ್ ಬರೋದಿದೆ. ಆ ಮೇಜು ಖಾಲಿ ಮಾಡಿ.”

“ಬಂದಾಯ್ತಲ್ಲ ಅಮ್ಮಾವ್ರೇ?”

“ಅದೊಂದೇ ಸಾಲದು ಅನ್ನಿಸ್ತು.”

ಅವರು ಮರೆಯಾದ ಮೇಲೆ ಇಸ್ತ್ರಿಯವನು ಪಿಸುಗುಟ್ಟಿದ. “ನಂಗ್ಯಾಕೋ ಅನುಮಾನ ಕಣೋ. ‘ಬರುತ್ತೆ’ ಅನ್ಲಿಲ್ಲ. ‘ಬರೋದಿದೆ’ ಅಂದ್ರು.”

“ಸುಮ್ನಿರೋ ಮಾರಾಯ. ಬೆಳಿಗ್ಗೆಯಿಂದ ಅನುಮಾನ ಪಟ್ಟೇ ಈ ಗತಿ ಬಂದಿದ್ದು. ಕಟರ್ ಅಂದ್ರೆ ಮಿಷನ್ನು.”

ಹುರುಪಿನಿಂದ ಮೇಜು ಖಾಲಿ ಮಾಡಿದ. ತನ್ನ ಸ್ಟೂಲು ತೆಗೆದ, ಟೇಪು ತೆಗೆದ, ಸೀಮೆಸುಣ್ಣದ ಡಬ್ಬಿ ತೆಗೆದ. ಒದ್ದೆ ಬಟ್ಟೆಯಿಂದ ಒರೆಸಿದ. ಬಿಸಿಯಾದೀತೆಂದು ಫ್ಯಾನನ್ನು ಆ ಕಡೆಗೇ ತಿರುಗಿಸಿದ. ಎಣ್ಣೆಯ ಡಬ್ಬಿಯನ್ನೂ ಕೈಗೆಟುಕುವಂತೆ ಇಟ್ಟ.

ಸಂಜೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಳು. ಕನ್ನಡಕ, ಗಟ್ಟಿ ಭುಜ, ಬಟ್ಟೆಯಲ್ಲಿ ಸುತ್ತಿದ ಸ್ವಂತ ಕತ್ತರಿ. ಮೇಜು ನೋಡಿ ಅವಳ ಮುಖ ಅರಳಿತು.

“ಹೊಸ ಕಟರ್ ನಾನೇ ಅಣ್ಣಾ. ಎಷ್ಟು ಚೆನ್ನಾಗಿ ಜಾಗ ಮಾಡಿಟ್ಟಿದ್ದೀರಿ. ಹೋದ ಕಡೆ ಯಾರೂ ಫ್ಯಾನ್ ಕೂಡ ಕೊಡಲ್ಲ.” ಡಬ್ಬಿ ಎತ್ತಿ ನೋಡಿದಳು. “ಇದ್ಯಾಕೆ ಎಣ್ಣೆ?”

ಇಸ್ತ್ರಿಯವನು ಗೋಡೆಯ ಕಡೆ ಮುಖ ಮಾಡಿ ನಿಂತ. ಅವನ ಬೆನ್ನು ಕುಲುಕುತ್ತಿತ್ತು.

ಅಮ್ಮಾವ್ರು ಮೆಲ್ಲಗೆ ಹೇಳಿದರು. “ಇಷ್ಟು ವರ್ಷ ಇದ್ದೀರಿ, ಹೊರಗೆ ಕಳಿಸೋಕೆ ಮನಸ್ಸು ಬರಲ್ಲ. ನಾಳೆಯಿಂದ ಆ ಮೂಲೇಲಿ, ಹ್ಯಾಂಗರ್.”

ಕಟರ್ ಟೇಪನ್ನು ಬೆರಳಿಗೆ ಸುತ್ತಿಕೊಂಡ. ಈ ಸಲ ‘ರ್’ ಬಾಲ ಹಿಡಿಯಲಿಲ್ಲ, ಮೂಲೆಯತ್ತ ಕೈ ಚಾಚಿ ನೇರವಾಗಿ ಕೇಳಿದ.

“ಹ್ಯಾಂಗರ್ ಅಂದ್ರೆ ಅಮ್ಮಾವ್ರೇ, ಅದಾ, ನಾನಾ?”

ಅಮ್ಮಾವ್ರು ಬಲ ತೋಳಿಲ್ಲದ ಅಂಗಿಯೊಂದನ್ನು ಅವನ ಚಾಚಿದ ಕೈಗೆ ನೇತುಹಾಕಿದರು.

“ಸದ್ಯಕ್ಕೆ ನೀವೇ.”