ಮಂಗಳನ ಮೇಲೆ ಮೊದಲ ಗುಡಿ ಯಾರದು?

ಆಕಾಶ ತೋರಿಸಿ ಹೊಟ್ಟೆ ಹೊರೆಯುವವನಿಗೆ ನಗಲು ಬೇರೆ ಖರ್ಚಿಲ್ಲ. ಹೋದ ಊರಲ್ಲೆಲ್ಲ ಏನಾದರೊಂದು ನಡೆದೇ ನಡೆಯುತ್ತದೆ. ನನ್ನ ಕೆಲಸ ಇಷ್ಟೇ: ಗಾಳಿ ತುಂಬಿದರೆ ಎದ್ದು ನಿಲ್ಲುವ ಕಪ್ಪು ಬಟ್ಟೆಯ ಗುಮ್ಮಟವೊಂದನ್ನು ಜೀಪಿನಲ್ಲಿ ಹೇರಿಕೊಂಡು ಸೋಲಾಪುರ, ಅಕ್ಕಲಕೋಟ ಸುತ್ತಮುತ್ತ ತಿರುಗುವುದು, ಜನರನ್ನು ಅದರೊಳಗೆ ಕೂರಿಸಿ ಹಾಡುಹಗಲೇ ಚುಕ್ಕಿ, ಗ್ರಹ ತೋರಿಸುವುದು. ಗುಮ್ಮಟ ಅಂದ ಕೂಡಲೇ ಒಳಗೆ ಬಂದವರು ಮೊದಲು ‘ಓ’ ಎಂದು ಕೂಗಿ ನೋಡುತ್ತಾರೆ. ವಿಜಾಪುರ ಹತ್ತಿರ, ಏನು ಮಾಡುವುದು.

ಬಾಗಿಲು ಸಣ್ಣದು, ಬಗ್ಗಿ ನುಸುಳಬೇಕು. ಹೇಗೂ ಬಗ್ಗಿದ್ದೇವಲ್ಲ ಎಂದು ಜನ ಕೈ ಮುಗಿಯುತ್ತಾರೆ. ಕೈ ಮುಗಿದ ಮೇಲೆ ಊದಿನಕಡ್ಡಿ ಹಚ್ಚದೆ ಇರುವುದು ಹೇಗೆ? ಒಂದು ಊರಲ್ಲಿ ಹೀಗೇ ಕಡ್ಡಿ ತಾಗಿ ಬಟ್ಟೆ ತೂತಾಯಿತು. ನಮ್ಮ ಸಂಸ್ಥೆಯ ಮುಖ್ಯಸ್ಥರು ತೇಪೆ ಹಾಕಿಸಿ ನನ್ನನ್ನು ಕರೆದರು. “ಇನ್ನೊಂದು ತೂತು ಬಿತ್ತಂದ್ರ ಗುಮ್ಮಟ ಗೋದಾಮಿಗಿ, ನೀವು ಆಫೀಸಿಗಿ” ಅಂದರು. ಆಫೀಸಿನಲ್ಲಿ ನನ್ನ ಕುರ್ಚಿ ಅವರ ಎದುರಿಗೇ ಇದೆ. ಅಂದಿನಿಂದ ಆ ಬಟ್ಟೆಯನ್ನು ಹೆಂಡತಿಯ ಇಳಕಲ್ ಸೀರೆಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದೇನೆ.

ಆಟ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಬೇಕೆಂದೂ ಅವರದೇ ಅಪ್ಪಣೆ. ನಾಳೆ ಮನುಷ್ಯ ಚಂದ್ರನ ಮೇಲೋ ಮಂಗಳನ ಮೇಲೋ ಹೋಗಿ ನೆಲೆಸಿದರೆ ಧರ್ಮವನ್ನೂ ಜೊತೆಗೆ ಒಯ್ಯಬೇಕೇ? ನನ್ನ ಉತ್ತರ ಸಿದ್ಧವಿತ್ತು. ಬೇಡ, ಇಲ್ಲಿ ಹೊತ್ತದ್ದೇ ಸಾಕು. ಆದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ.

ಉಪಾಸ

ಕುಂಭಾರಿಯಲ್ಲಿ ಗುಮ್ಮಟದ ತುಂಬ ಹೆಣ್ಣುಮಕ್ಕಳು. ಪ್ರಶ್ನೆ ಕೇಳಿದ್ದೇ ಒಬ್ಬಾಕೆ ಎದ್ದಳು. “ಸರ, ನಂದು ಸಂಕಷ್ಟಿ ಉಪಾಸ ಇರ್ತದ. ಚಂದ್ರ ಹುಟ್ಟಿದ ಮ್ಯಾಲ ಅವನ್ನ ನೋಡಿ ಉಣ್ಣಬೇಕು. ಚಂದ್ರನ ಮ್ಯಾಲೇ ಮನಿ ಮಾಡಿದ್ರ ಚಂದ್ರ ಹುಟ್ಟೂದು ಯಾವಾಗ?”

ಹುಟ್ಟುವುದೇ ಇಲ್ಲ ಅಂದೆ. ಎಲ್ಲರೂ ಲೊಚಗುಟ್ಟಿದರು. ಅದಕ್ಕೇ ಧರ್ಮವನ್ನು ಇಲ್ಲೇ ಬಿಟ್ಟು ಹೋಗಬೇಕು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವಳು ದಾರಿ ಹುಡುಕಿದಳು. “ಅದಕ್ಕ್ಯಾಕ ಚಿಂತಿ? ಕಾಲ ಕೆಳಗ ನೋಡು, ಅಲ್ಲೇ ಅದಾನ. ನೋಡಿ ಉಣ್ಣು.”

“ದೇವರನ್ನ ತುಳಕೋತ ಉಣ್ಣಬೇಕೇನ?”

ವಾದ ಏರಿತು. ಕಡೆಗೆ ಉಪವಾಸದಾಕೆಯ ಅತ್ತೆ ಮೂಲೆಯಿಂದ ತೀರ್ಪು ಕೊಟ್ಟಳು. “ಮೊದಲ ನಮ್ಮ ಸೊಸೀನ್ನ ಕಳಸ್ರಿ ಸರ. ಉಪಾಸ ಉಪಾಸ ಅಂತ ಸಾಬೂದಾಣಿ ಖಿಚಡಿ ತಿಂದು ಹಿಂಗ ಆಗ್ಯಾಳ. ಅಲ್ಲಿ ಹೋದರ ತೂಕ ಕಮ್ಮಿ ಆಗ್ತದಂತ ನೀವ ಈಗ ಹೇಳಿದ್ರಲ್ಲ.”

ದಿಕ್ಕು

ವಿಜಾಪುರ ರಸ್ತೆಯ ಒಂದು ದೊಡ್ಡ ಅಪಾರ್ಟ್‌ಮೆಂಟಿನವರು ಕರೆಸಿದ್ದರು. ಎಲ್ಲರೂ ಓದಿದವರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಗುಮ್ಮಟ ಎಬ್ಬಿಸುತ್ತಿದ್ದ ಹಾಗೆ ಅಲ್ಲಿನ ಅಧ್ಯಕ್ಷರು ಬಂದು “ಬಾಗಿಲಾ ದಕ್ಷಿಣಕ್ಕ ಆಗ್ಯದ, ಜರಾ ತಿರುಗಸ್ರಿ” ಅಂದರು. ತಿರುಗಿಸಿದೆ. ಬಾಗಿಲು ಹೋಗಿ ಕಾಂಪೌಂಡ್ ಗೋಡೆಗೆ ಮುಖ ಮಾಡಿತು. ಆ ಹಿರಿಯರೆಲ್ಲ ಗೋಡೆಗೂ ಬಟ್ಟೆಗೂ ನಡುವೆ ಅಡ್ಡಡ್ಡ ಸರಿದು, ಉಸಿರು ಬಿಗಿಹಿಡಿದು ಒಳಗೆ ಸೇರಿದರು.

ಆಟ ಮುಗಿದ ಮೇಲೆ ನನ್ನ ಪ್ರಶ್ನೆಗೆ ಒಕ್ಕೊರಲಿನ ಉತ್ತರ ಬಂತು. ಬಾಹ್ಯಾಕಾಶದಲ್ಲಿ ಧರ್ಮಕ್ಕೆ ಜಾಗವಿಲ್ಲ, ಅಲ್ಲಿ ವಿಜ್ಞಾನ ಒಂದೇ. ಕೊನೆಗೂ ನಮ್ಮವರು ಸಿಕ್ಕರು ಎಂದು ನನಗೆ ಸಂತೋಷವಾಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. “ಹಂಗಾದ್ರ ಬಾಗಿಲಾ ಯಾಕ ತಿರುಗಿಸಿದ್ರಿ ಸರ?”

“ಅದು ಧರ್ಮ ಅಲ್ರಿ, ವಾಸ್ತು. ಅದೂ ಸೈನ್ಸೇ.”

“ಮ್ಯಾಲ ಹೋದರ ದಕ್ಷಿಣಾನೇ ಇರೂದಿಲ್ಲಲ್ರಿ. ದಿಕ್ಕೇ ಇಲ್ಲ.”

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಅದಕ್ಕ ನೋಡ್ರಿ, ಅಲ್ಲಿ ಯಾರೂ ಫ್ಲಾಟ್ ಬುಕ್ ಮಾಡಾಕತ್ತಿಲ್ಲ.”

ದೋಷ

ಅಕ್ಕಲಕೋಟದಲ್ಲಿ ಜನ ಚದುರುವ ತನಕ ಒಬ್ಬ ತಂದೆ ಕಾದು ನಿಂತಿದ್ದರು. ಜೊತೆಗೆ ಅವರ ಮನೆ ಜ್ಯೋತಿಷಿ. ಮಗಳ ಕುಂಡಲಿಯಲ್ಲಿ ಮಂಗಳ ದೋಷ. ಬಂದ ಸಂಬಂಧಗಳೆಲ್ಲ ಚಹಾ ಕುಡಿದು ವಾಪಸ್ ಹೋಗಿದ್ದವು.

“ಸರ, ಮಂಗಳನ ಮ್ಯಾಲೇ ಹೋಗಿ ಇದ್ದರ ಮಂಗಳ ದೋಷ ಎಲ್ಲಿಂದ ಬಂತು? ಕಾಲ ಕೆಳಗಿದ್ದದ್ದು ಕುಂಡಲ್ಯಾಗ ಬರೂದಿಲ್ಲ, ಹೌದಲ್ರಿ?”

ಖರೇ ಮಾತು, ಬರೋಬ್ಬರಿ ಮಾತು ಅಂದೆ. ಇಷ್ಟು ಸರಳವಾಗಿ ನಾನು ಕೂಡ ಯೋಚಿಸಿರಲಿಲ್ಲ. ಆದರೆ ಜ್ಯೋತಿಷಿ ಬೆರಳು ಮಡಚಿ ಮಡಚಿ ಎಣಿಸಿ ತಲೆ ಅಲ್ಲಾಡಿಸಿದರು. “ಹಂಗ ಪಾರಾಗಾಕ ಬರೂದಿಲ್ಲ. ಅಲ್ಲಿ ನಿಂತು ನೋಡಿದರ ಭೂಮಿನೂ ಒಂದು ಗ್ರಹ. ಅಲ್ಲಿ ಇದ್ದವರಿಗೆ ಭೂಮಿ ದೋಷ ಬಡೀತದ. ಅದಕ್ಕ ಶಾಂತಿ ಮಾಡಸಬೇಕು.”

ತಂದೆಯ ಮುಖ ಸಣ್ಣದಾಯಿತು. “ಭೂಮಿ ದೋಷ ನಮ್ಮ ಮನ್ಯಾಗ ಮೊದಲೇ ಅದರಿ” ಅಂದರು. “ಹೊಲದ ಬದುವಿನ ಸಲುವಾಗಿ ಅಣ್ಣತಮ್ಮರು ಕೋರ್ಟಿಗಿ ಅಡ್ಡಾಡಾಕತ್ತೀವಿ. ಯಾ ಶಾಂತಿಗೂ ಅದು ಬಗ್ಗಿಲ್ಲ.”

ಗುಡಿ

ಕರಜಗಿ ದಾಟಿ ಒಂದು ಹಳ್ಳಿ. ಸಾಲಿ ಮೈದಾನದಲ್ಲಿ ಮೊದಲ ಆಟಕ್ಕೆ ಮೇಲಿನ ಓಣಿಯವರೂ ಕೆಳಗಿನ ಓಣಿಯವರೂ ಕೂಡಿಯೇ ನುಗ್ಗಿದರು. ಊರಂಚಿನ ಕೇರಿಯ, ಬೌದ್ಧರಾದ ದಲಿತ ಮನೆಗಳವರು ಎರಡನೇ ಆಟಕ್ಕೆಂದು ಬೇವಿನ ಮರದ ಕೆಳಗೆ ಕೂತಿದ್ದರು.

ಮಂಗಳನ ಮೇಲೆ ಗುಡಿ ಬೇಕೇ ಬೇಕು ಎನ್ನುವುದರಲ್ಲಿ ಎರಡೂ ಓಣಿಗೆ ಭಿನ್ನಮತ ಇರಲಿಲ್ಲ. ಮೊದಲು ಕಟ್ಟುವುದು ಯಾರ ದೇವರ ಗುಡಿ ಎಂಬಲ್ಲಿ ಕೆಟ್ಟಿತು. ನಮ್ಮ ದೇವರು ಹಿರಿಯ ಎಂದರು ಮೇಲಿನವರು. ನಮ್ಮ ಪಲ್ಲಕ್ಕಿ ಮುಂದೆ ಹೋಗದೆ ಈ ಊರಲ್ಲಿ ಯಾವ ಕಾರ್ಯ ಆಗಿದೆ ಎಂದರು ಕೆಳಗಿನವರು. ಕತ್ತಲಲ್ಲೇ ನಾಕು ಮಂದಿ ಎದ್ದರು, ಯಾರದೋ ಕಾಲು ವಾಯರಿಗೆ ಸಿಕ್ಕಿತು, ಗಾಳಿ ಊದುವ ಫ್ಯಾನ್ ನಿಂತಿತು. ಚುಕ್ಕಿ, ಚಂದ್ರ, ಮಂಗಳ ಎಲ್ಲ ಸಮೇತ ಆಕಾಶ ನಿಧಾನಕ್ಕೆ ನಮ್ಮ ತಲೆಯ ಮೇಲೆ ಇಳಿಯತೊಡಗಿತು.

ಗದ್ದಲವೋ ಗದ್ದಲ. ಕುರುಬ ಹಿರಿಯನೊಬ್ಬ ಸೊಂಟದ ಕುಡಗೋಲು ತೆಗೆದ. “ಸರೀರಿ, ಹರದು ದಾರಿ ಮಾಡ್ತೀನಿ” ಅಂದ. ಬಟ್ಟೆ ಎತ್ತಿ ನುಸುಳಿದರೆ ಸಾಕು, ಹರಿಯಬೇಡಿ ಅಂದೆ. ಕೇಳಲಿಲ್ಲ. ಸಂಸ್ಥೆಯ ಮಾಲು ಅಂದೆ. ಕೇಳಲಿಲ್ಲ. ಬಹಳ ತುಟ್ಟಿಯದು ಅಂದೆ. ಕುಡಗೋಲು ಮೇಲಕ್ಕೆ ಹೋಯಿತು. ನನಗೆ ಮುಖ್ಯಸ್ಥರ ಎದುರಿನ ಕುರ್ಚಿ ಕಂಡಿತು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಒದರಿದೆ: “ಏ, ಇದು ಗುಡಿ ಅದ. ಗುಡಿ ಹರದರ ಮನಿತನ ಉಳಿಯೂದಿಲ್ಲ.”

ಕುಡಗೋಲು ನಿಂತಿತು. ಎರಡೂ ಓಣಿಯವರು ಬಟ್ಟೆಯ ಕೆಳಗೆ ಕೈ ಮುಗಿದು ತಣ್ಣಗೆ ಕೂತರು. ನಾನು ಅಂಚು ಎತ್ತಿ ಹಿಡಿದೆ. ಒಬ್ಬೊಬ್ಬರೇ ತೆವಳಿ ಹೊರಬಂದು, ತಿರುಗಿ ನಮಸ್ಕಾರ ಮಾಡಿ ಹೋದರು. ಫ್ಯಾನ್ ಹಾಕಿ ಬಟ್ಟೆಯನ್ನೆಲ್ಲ ಸವರಿ ನೋಡಿದೆ. ಒಂದೂ ತೂತಿಲ್ಲ. ಅಷ್ಟು ದಿನ ಧರ್ಮ ಬೇಡವೆಂದು ತಿರುಗಿದವನಿಗೆ ನಾಚಿಕೆಯಾಗಬೇಕಿತ್ತು. ಖರೇ ಹೇಳುತ್ತೇನೆ, ಕುಣಿಯುವಷ್ಟು ಖುಷಿಯಾಯಿತು. ಕುಡಗೋಲಿನವನು ಮಾತ್ರ ಮನೆಗೆ ಹೋಗದೆ ಬಾಗಿಲಲ್ಲೇ ಕಾವಲು ನಿಂತ. “ಇನ್ನ ಇದರ ಮಡಿ ಮೈಲಿಗಿ ನಾ ನೋಡ್ಕೋತೀನ್ರಿ” ಅಂದ.

ಎರಡನೇ ಆಟಕ್ಕೆ ಕರೆದೆ. ಬೇವಿನ ಮರದ ಕೆಳಗಿನಿಂದ ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ ಬಂದಳು. ಬಾಗಿಲ ತನಕ ಬಂದು, ಬಗ್ಗದೆ ನಿಂತಳು.

“ಸಾಹೇಬ್ರ, ಒಂದು ಮಾತು ಹೇಳ್ರಿ. ಇದು ಗುಡಿ ಇದ್ದರ ನಾವು ಹೊರಗ ನಿಂದರೂ ಮಂದಿ, ಅದು ನಮಗ ರೂಢಿ ಅದ. ಆಕಾಶ ಇದ್ದರ ಒಳಗ ಬರ್ತೀವಿ. ಇದು ಯಾವುದಂತ?”

ನಾನು ಕುಡಗೋಲು ನೋಡಿದೆ, ಕುಡಗೋಲಿನವನನ್ನು ನೋಡಿದೆ. ಅವಳ ಕಿವಿಯ ಹತ್ತಿರ ಬಾಗಿ “ಆಕಾಶ ಅದ ಆಯಿ” ಅಂದೆ.

“ಜೋರಿಲೆ ಅನ್ರಿ” ಅಂದಳು. “ಗುಡಿ ಅನ್ನೂವಾಗ ಊರಿಗೆಲ್ಲಾ ಕೇಳಸೂಹಂಗ ಒದರಿದ್ರಿ.”