ಕೋಪ ಬಿಟ್ಟ ಹತ್ತೊಂಬತ್ತನೆಯ ದಿನ

ಈ ಬೇಸಿಗೆಯಲ್ಲಿ ನಾನು ಕೋಪ ಬಿಟ್ಟೆ. ಬೀಡಿ ಬಿಟ್ಟವರಿದ್ದಾರೆ, ಇಸ್ಪೀಟು ಬಿಟ್ಟವರಿದ್ದಾರೆ. ಆದರೆ ಐವತ್ತಾರನೆಯ ವಯಸ್ಸಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಯಲಹಂಕಕ್ಕೆ ನೀರು ಬಾರದ ವಾರದಲ್ಲಿ ಕೋಪ ಬಿಟ್ಟ ಮೊದಲ ಮನುಷ್ಯ ಬಹುಶಃ ಈ ಬಾಲರಾಜನೇ! ಡಾಕ್ಟರು ನನ್ನ ಬಿ.ಪಿ. ನೋಡಿದರು, ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಯಂತ್ರ ತರಿಸಿ ನೋಡಿದರು. ಕೊನೆಗೆ ಉಪ್ಪಿನಕಾಯಿ, ಕೋಪ ಎರಡರಲ್ಲಿ ಒಂದನ್ನಾದರೂ ಬಿಡಲೇಬೇಕು ಎಂದರು. ಉಪ್ಪಿನಕಾಯಿ ಬಿಡುವುದು ಸಾಧ್ಯವಿರಲಿಲ್ಲ.

ಮನೆಗೆ ಬಂದು ಹೆಂಡತಿ ಕಲಾವತಿಯ ಮುಂದೆ ಈ ಮಹಾಪ್ರತಿಜ್ಞೆಯನ್ನು ಘೋಷಿಸಿದೆ. ಅವಳು ಅಂಗನವಾಡಿ ಶಿಕ್ಷಕಿ. ಮೂವತ್ತು ಮಕ್ಕಳು ದಿನವೂ ಮಾಡುವ ಘೋಷಣೆಗಳನ್ನು ಕೇಳಿ ಪಳಗಿದವಳು. ಆಗಲಿ ಎಂದಷ್ಟೇ ಹೇಳಿ ಬೇಳೆ ಆರಿಸುವುದನ್ನು ಮುಂದುವರಿಸಿದಳು.

ಹದಿನೆಂಟು ದಿನ ಗೆದ್ದೆ. ಯಶವಂತಪುರದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಕೊನೆಗೂ ನೀರು ಬಂದ ದಿನ, ಊರಿನವರೆಲ್ಲ ಸುಟ್ಟುಹಾಕಿದ ಮೋಟರುಗಳನ್ನು ಸರಿ ಮಾಡುವವನ ಮನೆಯಲ್ಲೇ ಮೋಟರ್ ಆರಿಸುವುದನ್ನು ಮರೆತರು. ತಾರಸಿಯಿಂದ ನೀರು ಜಲಪಾತವಾಗಿ ಇಳಿಯಿತು. ನಾನು ಬಾಯಿಗೆ ಟವೆಲ್ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತೆ. ಬಯ್ಯಲಿಲ್ಲ.

ಹತ್ತೊಂಬತ್ತನೆಯ ದಿನ ಭಾನುವಾರ. ನನ್ನ ಮಗಳ ಹೆಸರು ಇಂದು. ಸೋಲದೇವನಹಳ್ಳಿಯ ಕಡೆಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾಳೆ. ಅವಳು ಹಿಂದಿನ ಸಂಜೆ ಬಾಗಿಲಲ್ಲಿ ನಿಂತು, "ಅಪ್ಪ, ಹೆಸರಘಟ್ಟದ ಹತ್ರ ಒಂದು ಪ್ರೋಗ್ರಾಂ ಇದೆ. ಅಮ್ಮ ಬರ್ತಿದ್ದಾಳೆ. ನೀನೂ ಬರ್ತೀಯಾ?" ಎಂದಿದ್ದಳು. ಆರು ವರ್ಷದಲ್ಲಿ ಆ ಹುಡುಗಿ ನನ್ನನ್ನು ಎಲ್ಲಿಗೂ ಕರೆದಿರಲಿಲ್ಲ. ಅವಳ ಶಾಲೆಯ ವಾರ್ಷಿಕೋತ್ಸವದಲ್ಲಿ ಮೈಕ್‌ನವನ ಜೊತೆ ನಾನು ಜಗಳವಾಡಿದ್ದೇ ಕೊನೆ. ತಕ್ಷಣ ಒಪ್ಪಿಕೊಂಡೆ. ಎಂಥ ಕಾರ್ಯಕ್ರಮ ಎಂದು ಕೇಳಿದ್ದಕ್ಕೆ ಪಂಕ್ ಸಂಗೀತ ಎಂದಳು.

ನನಗೆ ಗೊತ್ತಿದ್ದ ಪಂಕ ಎಂದರೆ ಕೆಸರು. ಪಂಕದಲ್ಲಿ ಹುಟ್ಟುವುದು ಪಂಕಜ, ಪಂಕಜ ಎಂದರೆ ಕಮಲ. ಹಾಗಾದರೆ ದೇವರನಾಮವೇ ಇರಬೇಕೆಂದು ತೀರ್ಮಾನಿಸಿ, ಬೆಳಿಗ್ಗೆ ಬಿಳಿ ಪಂಚೆ ಉಟ್ಟು, ಶಲ್ಯ ಹೊದ್ದು, ವಿಭೂತಿ ಹಚ್ಚಿಕೊಂಡು ಹೊರಟೆ. ಕಲಾವತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬ್ಯಾಗು ಎತ್ತಿಕೊಂಡು ಕಾರು ಹತ್ತಿದಳು. ಮಗಳು ಏನೋ ಕೆಲಸವಿದೆಯೆಂದು ನಮಗಿಂತ ಮೊದಲೇ ಹೋಗಿದ್ದಳು.

ಹೆಸರಘಟ್ಟದ ಆಚೆ ಯಾರದೋ ಉತ್ತ ಹೊಲವನ್ನೇ ಪಾರ್ಕಿಂಗ್ ಮಾಡಿದ್ದರು. ಹೆಂಟೆಗಳ ಮೇಲೆ ನನ್ನ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತು. ಕೋಪ ಬಂತು, ನುಂಗಿದೆ. ಗೇಟಿನಲ್ಲಿ ಹಸಿರು ಕೂದಲಿನ ಹುಡುಗಿಯೊಬ್ಬಳು ನನ್ನ ಮಜ್ಜಿಗೆ ಬಾಟಲಿ ಕಿತ್ತುಕೊಂಡಳು. ಹೊರಗಿನ ಆಹಾರ ಒಳಗೆ ಬಿಡುವುದಿಲ್ಲವಂತೆ. ಮಜ್ಜಿಗೆ ನಮ್ಮ ಮನೆಯದು, ಹೊರಗಿನದು ಹೇಗಾಗುತ್ತದೆ? ಅದನ್ನೂ ನುಂಗಿದೆ, ಮಜ್ಜಿಗೆಯನ್ನಲ್ಲ, ಕೋಪವನ್ನು. ಅವಳು ನನ್ನ ಮುಂಗೈಗೆ ಕಾಗದದ ಪಟ್ಟಿ ಕಟ್ಟಿದಳು. ಆಸ್ಪತ್ರೆಗೆ ಸೇರಿಸುವಾಗ ಕಟ್ಟುವಂಥದ್ದೇ.

ಒಳಗೆ ಐನೂರು ಜನ, ಎಲ್ಲರೂ ಕರಿ ಅಂಗಿ. ಅವರ ನಡುವೆ ನಾನೊಬ್ಬ ಬಿಳಿ ಪಂಚೆಯವನು, ಇಡ್ಲಿಯ ಹಾಗೆ ಕಾಣುತ್ತಿದ್ದೆ. ಇಡೀ ಬಯಲಿಗೆ ಇದ್ದದ್ದು ಒಂದೇ ಹೊಂಗೆಮರ, ಅದರ ನೆರಳಿನಲ್ಲಿ ನಲವತ್ತು ಜನ. ಹನ್ನೊಂದೂವರೆಯ ಬಿಸಿಲು ನೆತ್ತಿಯ ಮೇಲೆ ಕುಕ್ಕರಿನ ಮುಚ್ಚಳ ಇಟ್ಟ ಹಾಗಿತ್ತು. ಕನ್ನಡಕ ಕೂಡ ಬಿಸಿಯಾಯಿತೆಂದು ಕಣ್ಣಿನಿಂದ ತೆಗೆದುಬಿಟ್ಟೆ.

ಮೊದಲ ತಂಡ ಶುರುಮಾಡಿತು. ಮೂವತ್ತು ವರ್ಷ ಮೋಟರುಗಳ ನರಳಾಟ ಕೇಳಿದವನು ನಾನು. ಬೇರಿಂಗ್ ಹೋದ ಸದ್ದು, ಕಾಯಿಲ್ ಸುಡುವ ಸದ್ದು, ಒಣ ಬೋರ್‌ವೆಲ್ಲಿನಲ್ಲಿ ಪಂಪು ತಿರುಗುವ ಸದ್ದು, ಮೂರೂ ಒಟ್ಟಿಗೆ ಬಂದವು. ಎದ್ದು ಹೋಗಿ ಸ್ವಿಚ್ ಆರಿಸಲು ಕೈ ತುರಿಸಿತು. ಅಷ್ಟರಲ್ಲಿ ಮುಂದೆ ನಿಂತಿದ್ದವರು ಒಬ್ಬರಿಗೊಬ್ಬರು ಗುದ್ದತೊಡಗಿದರು. ಜಗಳ ಬಿಡಿಸಲು ನುಗ್ಗಿದೆ. ಯಾರದೋ ಭುಜ ತಾಗಿ ಬಿದ್ದೆ. ಮರುಕ್ಷಣವೇ ನಾಲ್ಕು ಜನ ನನ್ನನ್ನು ದೇವರ ವಿಗ್ರಹದ ಹಾಗೆ ಎತ್ತಿ ನಿಲ್ಲಿಸಿದರು. ಕಿವಿಗೆ ಪಿನ್ನು ಚುಚ್ಚಿಕೊಂಡಿದ್ದವನು ಪಂಚೆಯ ಧೂಳು ಒದರಿ, ಜಗಳವಲ್ಲ ಅಂಕಲ್, ಇದು ಡಾನ್ಸು ಎಂದು ವಿನಯದಿಂದ ತಿಳಿಸಿದ.

ನನ್ನ ಹೊಟ್ಟೆ ಉರಿಯಿತು. ಇವರೆಲ್ಲ ಟಿಕೆಟ್ ತೆಗೆದುಕೊಂಡು ಬಂದು ಕಿರುಚುತ್ತಾರೆ, ಚಪ್ಪಾಳೆ ಬೀಳುತ್ತದೆ. ಅದನ್ನೇ ನಾನು ಮನೆಯಲ್ಲಿ ಪುಕ್ಕಟೆಯಾಗಿ ಮಾಡಿದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ!

ಮೂರನೆಯ ತಂಡದ ಹೆಸರು "ಮೋಟರ್ ಆಫ್". ನಮ್ಮ ಕಸುಬಿನ ಹೆಸರೆಂದು ಕೊಂಚ ಹೆಮ್ಮೆಯಾಗಿ ತಲೆ ಎತ್ತಿದೆ. ಡ್ರಮ್ಮಿನ ಹಿಂದೆ ಬಂದು ಕುಳಿತವಳು ನಮ್ಮ ಇಂದು. ಪ್ರಾಜೆಕ್ಟ್ ವರ್ಕ್ ಎಂದು ಎರಡು ವರ್ಷದಿಂದ ಪ್ರತಿ ಶನಿವಾರ ಹೋಗುತ್ತಿದ್ದ ನನ್ನ ಮಗಳು ಕೋಲು ಎತ್ತಿ ಒಂದು ಏಟು ಕೊಟ್ಟಳು ನೋಡಿ, ನನ್ನ ಎದೆಯೊಳಗೆ ಏನೋ ಸಡಿಲವಾಯಿತು. ಹಾಡುವ ಹುಡುಗಿ ಮೈಕ್ ಹಿಡಿದು ಅರಚಿದಳು:

"ಫ್ಯಾನ್ ಯಾರ್ ಹಾಕಿದ್ದು? ಯಾರ್ ಹಾಕಿದ್ದು?
ಲೈಟ್ ಯಾಕ್ ಉರೀತಿದೆ? ಯಾಕ್ ಉರೀತಿದೆ?
ಕೇಳೋರಿಲ್ವಾ ಈ ಮನೇಲಿ? ಮೋಟರ್ ಆಫ್ ಮಾಡಿ!"

ಎಲ್ಲೋ ಕೇಳಿದ ಸಾಹಿತ್ಯ ಅನ್ನಿಸಿತು. ಇದು ನಮ್ಮ ಮನೆಯ ನಡುಮನೆಯಲ್ಲಿ ಕೇಳಿದ್ದು, ಹೇಳಿದವನು ನಾನು ಎಂದು ಹೊಳೆಯುವಷ್ಟರಲ್ಲಿ ಎರಡನೆಯ ಚರಣ ಬಂತು.

"ನನ್ನ ಕನ್ನಡಕ ಎಲ್ಲಿ?" ಎಂದಳು ಹುಡುಗಿ.

"ತಲೆ ಮೇಲಿದೆ!" ಎಂದರು ಐನೂರು ಜನ.

ತಲೆ ಮುಟ್ಟಿ ನೋಡಿಕೊಂಡೆ. ಅಲ್ಲೇ ಇತ್ತು. ಪಕ್ಕದಲ್ಲಿ ಕಲಾವತಿ ತಾಳ ಹಾಕುತ್ತಾ ಒಂದು ಅಕ್ಷರವೂ ತಪ್ಪದೆ ಹಾಡುತ್ತಿದ್ದಳು. ಪಿನ್ನಿನ ಹುಡುಗ ಕಣ್ಣೊರೆಸಿಕೊಂಡು, ಥೇಟ್ ನಮ್ಮಪ್ಪ ಅಂಕಲ್ ಎಂದ.

ಹತ್ತೊಂಬತ್ತು ದಿನದ ಬಾಕಿ ಕೋಪ ಒಮ್ಮೆಗೇ ಹೊರಟಿತು. ಹಾಡು ಮುಗಿದು, ಗಿಟಾರಿನ ತಂತಿ ಹರಿದಿದೆಯೆಂದು ತಂಡದವರು ವೇದಿಕೆಯ ಹಿಂದಿನ ಶಾಮಿಯಾನಕ್ಕೆ ಇಳಿದಿದ್ದರು. ಅಲ್ಲಿಗೇ ನುಗ್ಗಿದೆ. ಮಾನ ಕಳೆದೆ, ಸುಳ್ಳು ಹೇಳಿದೆ, ಅನ್ನ ಹಾಕಿದವನನ್ನು ಊರ ಮುಂದೆ ನಿಲ್ಲಿಸಿದೆ ಎಂದು ಇಂದುವಿಗೆ ಬಾಯಿಗೆ ಬಂದದ್ದನ್ನೆಲ್ಲ ಬಯ್ದೆ. ಈಗಷ್ಟೇ ಬಯಲನ್ನೇ ನಡುಗಿಸಿದ್ದ ಹುಡುಗಿ ತಲೆ ತಗ್ಗಿಸಿ, ಹೆಬ್ಬೆರಳಿನಿಂದ ನೆಲ ಕೆರೆಯುತ್ತಾ ನಿಂತಳು. ಅವಳ ಕೈಯಲ್ಲಿದ್ದ ಕೋಲುಗಳು ಒಂದಕ್ಕೊಂದು ತಾಗಿ ಸಣ್ಣಗೆ ಟಕಟಕ ಎನ್ನುತ್ತಿದ್ದವು. ಮನೆಯಲ್ಲಿಯೂ ಅವಳು ನನ್ನ ಮುಂದೆ ಹೀಗೆಯೇ ನಿಲ್ಲುವುದು. ಇಷ್ಟು ವರ್ಷ ಅದನ್ನು ವಿನಯವೆಂದುಕೊಂಡಿದ್ದೆ.

ಎತ್ತಿದ್ದ ಬೆರಳನ್ನು ಕೆಳಗಿಳಿಸಿದೆ.

ಅಷ್ಟರಲ್ಲಿ ಕಲಾವತಿ ಸೆರಗು ಸರಿಮಾಡಿಕೊಳ್ಳುತ್ತಾ ಒಳಗೆ ಬಂದಳು. "ಅವಳನ್ನ ಬಯ್ಬೇಡಿ," ಎಂದಳು. "ಹಾಡು ಬರ್ದಿದ್ದು ನಾನು."



"ನೀನಾ?" ಎಂದೆ.

"ಮನೇಲಿ ಹೇಳೋಕೆ ಬಿಡ್ತೀರೇನ್ರೀ? ಅರ್ಧ ಹೇಳೋದ್ರೊಳಗೆ ನಿಮ್ದು ಶುರುವಾಗುತ್ತೆ. ಇಲ್ಲಿ ಆದ್ರೆ ಮೈಕ್ ನಮ್ಮ ಕೈಲಿರುತ್ತೆ."

  ಮಗಳ ಕಡೆ ತಿರುಗಿ, ಏಟು ಚೆನ್ನಾಗಿತ್ತು, ಎಲ್ಲಿ ಕಲಿತೆ ಎಂದು ಕೇಳಿದೆ.  ಅವಳು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ, ಬೀಳುವಂತಿದ್ದ ನನ್ನ ಶಲ್ಯವನ್ನು ಹೆಗಲಿಗೆ ಎಳೆದು ಸರಿಮಾಡಿದಳು.

"ಹೋಗಿ ಕೂತ್ಕೊಳ್ಳಿ," ಎಂದಳು ಕಲಾವತಿ. "ಇನ್ನೂ ನಾಲ್ಕು ಹಾಡಿದೆ."

"ನಾಲ್ಕೂ ನನ್ನ ಮೇಲೇನಾ?" ತಗ್ಗಿದ ದನಿಯಲ್ಲಿ ಕೇಳಿದೆ.

"ಮೂರು ನಿಮ್ಮ ಮೇಲೆ. ಇನ್ನೊಂದು ನಿಮ್ಮಮ್ಮನ ಮೇಲೆ."

ಹೋಗಿ ಕುಳಿತೆ. ಮೂರನ್ನು ತಲೆ ತಗ್ಗಿಸಿ ಕೇಳಿದೆ. ನಾಲ್ಕನೆಯದಕ್ಕೆ ಬಯಲೇ ಎದ್ದು ನಿಂತು ಒನ್ಸ್ ಮೋರ್ ಎಂದು ಕೂಗಿತು. ನಿಜ ಹೇಳಬೇಕೆಂದರೆ, ಮೊದಲು ಕೂಗಿದವನು ನಾನೇ.